ಕೆರೆಯಂಗಳಕ್ಕೆ ಮಣ್ಣು, ಕಾಲುವೆಗೆ ಕೊಳಚೆ: ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ, ಎಷ್ಟಾಗುತ್ತದೆ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರಕ್ಕೆ ಅಂಟಿಕೊಂಡಿರುವ ಹಳ್ಳಿ. ಊರ ಕೆರೆ ಪಹಣಿಯಲ್ಲಿ ಸರ್ಕಾರಿ ಕೆರೆ ಎಂದೇ ನಮೂದಾಗಿದೆ. ಕೆರೆಗೆ ನೀರು ತರುವ ರಾಜಕಾಲುವೆಯ ಪಕ್ಕದ ಜಮೀನನ್ನು ಬಡಾವಣೆ ಮಾಡುವವರು ಕೊಂಡಿದ್ದು, ನಾಲ್ಕು ತಿಂಗಳಿಂದ ಕಾಲುವೆಗೂ ಕೆರೆಯಂಗಳದ ಒಂದು ಅಂಚಿಗೂ ಟಿಪ್ಪರ್‌ಗಳಲ್ಲಿ ಮಣ್ಣು ತಂದು ಸುರಿಯುತ್ತಿದ್ದಾರೆ. ಇನ್ನೊಂದು ಬದಿಯಿಂದ ಎರಡು ವರ್ಷಗಳಿಂದ ಪಟ್ಟಣದ ಕೊಳಚೆ ನೀರು ಬಂದು ಸೇರುತ್ತಿದೆ. ಪಂಚಾಯಿತಿಯಲ್ಲಿ ಕೇಳಿದರೆ, ‘ಕೆರೆ ಸತ್ತು ಎಷ್ಟೋ ವರ್ಷವಾಯಿತು, ನಾವು ನಿರಾಕ್ಷೇಪಣಾ ಪತ್ರ ಕೊಟ್ಟಾಗಿದೆ’ ಎನ್ನುತ್ತಾರೆ. ತಹಶೀಲ್ದಾರರಿಗೆ ಹಲವು ಬಾರಿ ಬಾಯಿಮಾತಿನಲ್ಲಿ, ಒಮ್ಮೆ ಬರವಣಿಗೆಯಲ್ಲಿ ದೂರು ಕೊಟ್ಟರೂ ಏನೂ ಆಗಿಲ್ಲ. ಒಬ್ಬ ವಕೀಲರು ಹೈಕೋರ್ಟಿನಲ್ಲಿ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಿ ಎನ್ನುತ್ತಾರೆ, ಗೆಳೆಯರು ಹಸಿರು ನ್ಯಾಯಮಂಡಳಿಗೆ ಹೋಗು ಎನ್ನುತ್ತಾರೆ. ಊರ ಹಿರಿಯರು ಮಾತ್ರ, ‘ಆದೇಶ ಬಂದರೂ ಕಾಗದದಲ್ಲೇ ಉಳಿಯುತ್ತದೆ, ಕೊನೆಗೆ ದಂಡ ಬೀಳುವುದು ನಿನಗೇ’ ಎಂದು ಹೆದರಿಸುತ್ತಾರೆ. ಅಚ್ಚುಕಟ್ಟಿನಲ್ಲಿ ನನಗೆ ಎರಡು ಎಕರೆ ಜಮೀನಿದೆ. ಸ್ವಂತ ಲಾಭಕ್ಕಾಗಿ ಬಂದವನೆಂದು ನನ್ನ ಅರ್ಜಿಯನ್ನು ತಳ್ಳಿಹಾಕಬಹುದೇ? ಕೆರೆಯಂಗಳದ ಮೇಲಂಚಿನಲ್ಲಿ ಏಳೆಂಟು ಬಡ ಕುಟುಂಬಗಳ ಮನೆಗಳೂ ಇವೆ. ಅವರಿಗೆ ನನ್ನಿಂದ ಕೇಡಾಗಬಾರದು. ನ್ಯಾಯಾಧೀಶರು ನಿಜವಾಗಿಯೂ ಒಂದು ಕೆರೆಯನ್ನು ಉಳಿಸಬಲ್ಲರೇ?

ಉತ್ತರ: ಹಣ, ಸಮಯ, ಊರಿನವರ ನಿಷ್ಠುರ ಎಲ್ಲವನ್ನೂ ಕಟ್ಟಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಕೆರೆಯಲ್ಲಿ ಏನಾದರೂ ಬದಲಾಗುತ್ತದೆಯೇ ಎಂಬುದು ನಿಮ್ಮ ಪತ್ರದ ಹಿಂದಿರುವ ಆತಂಕ. ಪರಿಸರ ಸಂಬಂಧಿ ಪ್ರಕರಣಗಳಲ್ಲಿ ವಕಾಲತ್ತು ವಹಿಸುತ್ತ ಬಂದಿರುವ ನನ್ನ ಅನುಭವದಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ನಿಮ್ಮ ಕೆರೆಗೆ ಒದಗಿರುವ ಆಪತ್ತುಗಳು ಎರಡು. ಮಣ್ಣು ತುಂಬಿಸುತ್ತಿರುವುದು ಒಂದು, ಕೊಳಚೆ ಬಿಡುತ್ತಿರುವುದು ಇನ್ನೊಂದು. ಇವೆರಡಕ್ಕೂ ಅನ್ವಯಿಸುವ ಕಾನೂನು ಬೇರೆ, ಹೋಗಬೇಕಾದ ಕಡೆ ಬೇರೆ, ನ್ಯಾಯಾಲಯದಿಂದ ನಿರೀಕ್ಷಿಸಬಹುದಾದ ಫಲವೂ ಬೇರೆ.

ಎಲ್ಲಕ್ಕಿಂತ ಮೊದಲು ಕಾಲಮಿತಿಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಮಾತುಗಳನ್ನು ನಿಧಾನವಾಗಿ ಯೋಚಿಸಬಹುದು, ಇದನ್ನು ಆಗದು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನ ಪ್ರಕಾರ, ವ್ಯಾಜ್ಯದ ಕಾರಣ ‘ಮೊದಲು’ ಉಂಟಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ತಡವಾದುದಕ್ಕೆ ಸಮರ್ಪಕ ಕಾರಣ ತೋರಿಸಿದರೆ ಇನ್ನು ಅರವತ್ತು ದಿನಗಳ ವಿನಾಯಿತಿ ಸಿಗಬಹುದು, ಅದಕ್ಕಿಂತ ಒಂದು ದಿನವೂ ಹೆಚ್ಚು ಸಿಗದು. ಮಣ್ಣು ಸುರಿಯಲು ಆರಂಭಿಸಿ ಆಗಲೇ ನಾಲ್ಕು ತಿಂಗಳಾಗಿದೆ ಎಂದು ನೀವೇ ಬರೆದಿದ್ದೀರಿ. ದಿನವೂ ಮಣ್ಣು ಬೀಳುತ್ತಿರುವುದರಿಂದ ದಿನವೂ ಹೊಸ ಕಾರಣ ಹುಟ್ಟುತ್ತದೆ ಎಂದು ವಾದಿಸಲು ಸಾಧ್ಯವಿದೆಯಾದರೂ ಕಾಯ್ದೆಯಲ್ಲಿ ‘ಮೊದಲು’ ಎಂಬ ಪದವಿರುವಾಗ ಅಂಥ ವಾದವನ್ನು ನಂಬಿಕೊಂಡು ಕೂರುವುದು ಜಾಣತನವಲ್ಲ. ಕೊಳಚೆಯ ವಿಷಯದಲ್ಲಿ ಆರು ತಿಂಗಳು ಎಂದೋ ಮುಗಿದಿದೆ. ಆದರೆ ಹಾಳಾದ ಪರಿಸರವನ್ನು ಮೊದಲಿನ ಸ್ಥಿತಿಗೆ ತರಿಸುವ ಮತ್ತು ಪರಿಹಾರ ಕೊಡಿಸುವ ಕೋರಿಕೆಗೆ 15ನೇ ಕಲಮಿನಲ್ಲಿ ಐದು ವರ್ಷಗಳ ಅವಧಿ ಇರುವುದರಿಂದ ಆ ದಾರಿ ನಿಮಗೆ ಇನ್ನೂ ತೆರೆದಿದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಪರಿಸರದ ವಿಷಯದಲ್ಲಿ ನ್ಯಾಯಾಧೀಶರಿಗೆ ಅಪರಿಮಿತ ಅಧಿಕಾರವಿದೆ, ಅವರು ಮನಸ್ಸು ಮಾಡಿದರೆ ಏನನ್ನಾದರೂ ಮಾಡಿಸಬಲ್ಲರು ಎಂಬ ನಂಬಿಕೆ ನಮ್ಮಲ್ಲಿ ಸಾಕಷ್ಟಿದೆ; ಕೋರ್ಟಿನಿಂದ ಏನೂ ಆಗದು ಎಂಬ ನಿರಾಶೆಯೂ ಅಷ್ಟೇ ಇದೆ. ಎರಡೂ ಪೂರ್ತಿ ನಿಜವಲ್ಲ. 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 48ಎ ಮತ್ತು 51ಎ(ಜಿ) ವಿಧಿಗಳು ಸೇರಿ, ಪರಿಸರವನ್ನು ಕಾಪಾಡುವುದು ರಾಜ್ಯದ ಹೊಣೆ ಮತ್ತು ಪ್ರಜೆಯ ಕರ್ತವ್ಯ ಎಂದಾಯಿತು. ಆದರೆ ಮೊದಲನೆಯದು ನಿರ್ದೇಶಕ ತತ್ತ್ವ, ಎರಡನೆಯದು ಮೂಲಭೂತ ಕರ್ತವ್ಯ; ಇವೆರಡನ್ನೂ ನೇರವಾಗಿ ನ್ಯಾಯಾಲಯದ ಮೂಲಕ ಜಾರಿಗೊಳಿಸಲು ಬರುವುದಿಲ್ಲ. ಆ ತೊಡಕನ್ನು ಸುಪ್ರೀಂ ಕೋರ್ಟ್ 21ನೇ ವಿಧಿಯ ಮೂಲಕ ಬಿಡಿಸಿತು. ಬದುಕುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರು ಮತ್ತು ಗಾಳಿಯನ್ನು ಅನುಭವಿಸುವ ಹಕ್ಕೂ ಸೇರಿದೆ ಎಂದು 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. 1996ರ ವೆಲ್ಲೂರು ಚರ್ಮೋದ್ಯಮ ಘಟಕಗಳ ಪ್ರಕರಣದಲ್ಲಿ, ಕೆಡಿಸಿದವನೇ ಸರಿಪಡಿಸುವ ವೆಚ್ಚ ತೆರಬೇಕು ಎಂಬುದೂ, ಹಾನಿಯ ಪೂರ್ಣ ಪುರಾವೆಗೆ ಕಾಯದೆ ಮುನ್ನೆಚ್ಚರಿಕೆ ವಹಿಸಬೇಕು ಎಂಬುದೂ ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಿಮಾಚಲದ ಬಿಯಾಸ್ ನದಿಯ ದಿಕ್ಕನ್ನೇ ಬದಲಿಸಿದ ಹೋಟೆಲೊಂದರ ಪ್ರಕರಣದಲ್ಲಿ, ನದಿ, ಕೆರೆ, ಕಾಡುಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಅವುಗಳನ್ನು ಕಾಯುವ ಧರ್ಮದರ್ಶಿ ಮಾತ್ರ ಎಂದು ತೀರ್ಪಿತ್ತಿತು. ನಿಮ್ಮ ಪಂಚಾಯಿತಿ ಕೊಟ್ಟ ನಿರಾಕ್ಷೇಪಣಾ ಪತ್ರವನ್ನು ಪ್ರಶ್ನಿಸುವಾಗ ನಿಮಗೆ ಹೆಚ್ಚು ನೆರವಾಗುವುದು ಈ ಕೊನೆಯ ತತ್ತ್ವವೇ: ತನ್ನದಲ್ಲದ ಸ್ವತ್ತನ್ನು ಕಾಯುವವನು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಾರ.

ಆದರೆ ತತ್ತ್ವ ಗೆದ್ದ ಮಾತ್ರಕ್ಕೆ ನೆಲದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಮ್ಮ ರಾಜ್ಯದ್ದೇ ಮೂರು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಕಬ್ಬಿಣದ ಅದಿರು ಗಣಿಗಾರಿಕೆಯ ವಿರುದ್ಧ, ಅರಣ್ಯ ಇಲಾಖೆಯಲ್ಲಿ ಸೇವೆ ಸಲ್ಲಿಸಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಕೊನೆಯವರೆಗೆ ಮಾತ್ರ ಅವಕಾಶ ಕೊಟ್ಟಿತು. ಆ ವರ್ಷ ಮುಗಿಯುತ್ತಿದ್ದಂತೆ ಗಣಿ ನಿಂತಿತು. ಬಳ್ಳಾರಿಯಲ್ಲಿ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈ 29ರಂದು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದ ಅದೇ ನ್ಯಾಯಾಲಯ, ಪ್ರತಿಯೊಂದು ಗುತ್ತಿಗೆಯ ಗಡಿಯನ್ನೂ ಅಳೆಯಿಸಿ, ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಅವುಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದವನ್ನು ರದ್ದುಪಡಿಸಿತು. ಇನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ. 2017ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡಾಗ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ಕೆಲಸ ಮಾಡಿಸಲು 500 ಕೋಟಿಯನ್ನು ಪ್ರತ್ಯೇಕ ಖಾತೆಯಲ್ಲಿಡಲು ಸೂಚಿಸಿತು. ಅಷ್ಟೆಲ್ಲ ಆದರೂ ಹೂಳೆತ್ತುವ ಕೆಲಸ ವರ್ಷಗಟ್ಟಲೆ ಎಳೆಯಿತು.

ಮೊದಲ ಎರಡರಲ್ಲಿ ಆದದ್ದು ಮೂರನೆಯದರಲ್ಲಿ ಏಕೆ ಆಗಲಿಲ್ಲ? ಕುದುರೆಮುಖದಲ್ಲಿ ನಿಲ್ಲಿಸಬೇಕಾದವರು ಒಬ್ಬರೇ ಇದ್ದರು, ನಿಲ್ಲಿಸುವ ದಿನವೂ ಗೊತ್ತುಪಡಿಸಲಾಗಿತ್ತು. ಬೆಳ್ಳಂದೂರಿನಲ್ಲಿ ಕೆರೆಯನ್ನು ಕೆಡಿಸುತ್ತಿರುವುದು ನಗರದ ಒಂದು ದೊಡ್ಡ ಭಾಗವೇ. ಅದನ್ನು ತಡೆಯಲು ಒಳಚರಂಡಿ ಬೇಕು, ಶುದ್ಧೀಕರಣ ಘಟಕ ಬೇಕು, ಟೆಂಡರ್ ಆಗಬೇಕು, ಹಣ ಬಿಡುಗಡೆಯಾಗಬೇಕು, ನಾಲ್ಕಾರು ಇಲಾಖೆಗಳು ಒಟ್ಟಿಗೆ ನಡೆಯಬೇಕು. ಬಳ್ಳಾರಿಯ ಪ್ರಕರಣದ ಒಳಗೇ ಈ ಎರಡೂ ಮುಖಗಳಿವೆ ಎಂಬುದನ್ನು ಗಮನಿಸಿ: ಗಣಿಗಳು ಒಂದೇ ಆದೇಶಕ್ಕೆ ನಿಂತವು, ಆದರೆ ಹಾಳಾದ ನೆಲ ಮತ್ತು ಜನಜೀವನದ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ದೊರೆಯದೆ ವರ್ಷಗಳ ಕಾಲ ಬಳಕೆಯಾಗದೆ ಉಳಿಯಿತು. ನ್ಯಾಯಾಲಯದ ಕೈ ನಿಲ್ಲಿಸುವುದರಲ್ಲಿ ಬಲವಾಗಿದೆ, ಕಟ್ಟಿಸುವುದರಲ್ಲಿ ನಿಧಾನವಾಗಿದೆ. ಆದ್ದರಿಂದ ಮಣ್ಣು ತುಂಬಿಸುವುದನ್ನು ತಡೆಯುವ ವಿಷಯದಲ್ಲಿ ನೀವು ಆಶಾವಾದಿಯಾಗಿರಲು ಕಾರಣವಿದೆ. ಕೊಳಚೆಯ ವಿಷಯದಲ್ಲಿ ಆದೇಶ ಸಿಕ್ಕ ಮೇಲೂ ಹಲವು ವರ್ಷ ಬೆನ್ನುಹತ್ತಬೇಕೆಂಬ ಸಿದ್ಧತೆ ಇರಬೇಕು.

‘ಕೆರೆ ಸತ್ತಿದೆ’ ಎಂಬ ಮಾತನ್ನು ನಾನು ರಾಜ್ಯದ ಹಲವು ಕಡೆ ಕೇಳಿದ್ದೇನೆ, ಮತ್ತು ಅದು ಜನರನ್ನು ಎಷ್ಟು ಸುಲಭವಾಗಿ ಬಾಯಿ ಮುಚ್ಚಿಸುತ್ತದೆ ಎಂಬುದು ನನಗೆ ಇಂದಿಗೂ ನೋವಿನ ವಿಷಯ. ಕೆರೆ ತಾನಾಗಿ ಸಾಯುವುದು ಅಪರೂಪ. ಕೊಳವೆಬಾವಿ ಬಂದ ಮೇಲೆ ಅಚ್ಚುಕಟ್ಟಿನ ರೈತರಿಗೆ ತೂಬಿನ ನೀರಿನ ಹಂಗು ಕಡಿಮೆಯಾಯಿತು. ಹೂಳು ತೆಗೆಯುವ, ಕಾಲುವೆ ಬಿಡಿಸುವ ಊರ ಕೆಲಸ ನಿಂತಿತು. ಮೇಲಿನ ಹೊಲಗಳವರು ರಾಜಕಾಲುವೆಯನ್ನು ಅಷ್ಟಷ್ಟೇ ಒತ್ತಿದರು. ಕಾಲುವೆ ಹೋದ ಮೇಲೆ ಮಳೆಗಾಲದಲ್ಲೂ ನೀರು ಬರಲಿಲ್ಲ, ನೀರು ಬಾರದ ಕೆರೆ ಖಾಲಿ ಜಾಗದಂತೆ ಕಾಣತೊಡಗಿತು, ಆಗ ಅದರ ಮೇಲೆ ಕಣ್ಣು ಬಿತ್ತು. ಇಷ್ಟರ ನಡುವೆ ನೆಲ ಕಂದಾಯ ಇಲಾಖೆಯದು, ನಿರ್ವಹಣೆ ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳದು, ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯದು ಎಂದು ಹೊಣೆ ಹಂಚಿಹೋಗಿರುವುದರಿಂದ ಪ್ರತಿಯೊಂದು ಕಚೇರಿಗೂ ಇನ್ನೊಂದರತ್ತ ಬೆರಳು ತೋರಿಸಲು ಅವಕಾಶವಿದೆ. ಇಂಥ ಕೆರೆಯನ್ನು ಬತ್ತಿದೆ ಎಂಬ ಕಾರಣಕ್ಕೆ ಬೇರೆ ಬಳಕೆಗೆ ಕೊಡಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಎರಡು ಬಾರಿ ಸ್ಪಷ್ಟ ಉತ್ತರ ಕೊಟ್ಟಿದೆ. ಕೊಳದ ಜಾಗದಲ್ಲಿ ಕೊಟ್ಟಿದ್ದ ನಿವೇಶನಗಳನ್ನು ಕುರಿತ 2001ರ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಆ ಹಂಚಿಕೆಯನ್ನು ಎತ್ತಿಹಿಡಿಯಲು ಒಪ್ಪಲಿಲ್ಲ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಕೊಳ, ಗೋಮಾಳದಂಥ ಸಮುದಾಯದ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಒತ್ತುವರಿದಾರ ಎಷ್ಟು ವರ್ಷಗಳಿಂದ ಅಲ್ಲಿದ್ದಾನೆ, ಎಷ್ಟು ಖರ್ಚು ಮಾಡಿದ್ದಾನೆ ಎಂಬುದು ಸಕ್ರಮಕ್ಕೆ ಕಾರಣವಾಗದು ಎಂದೂ ಹೇಳಿತು. ಪಂಚಾಯಿತಿಯ ನಿರಾಕ್ಷೇಪಣಾ ಪತ್ರವಾಗಲಿ, ಪಕ್ಕದ ಸರ್ವೆ ನಂಬರಿಗೆ ಸಿಕ್ಕ ಭೂ ಪರಿವರ್ತನೆಯ ಆದೇಶವಾಗಲಿ ಕೆರೆಯ ಸರ್ವೆ ನಂಬರಿನೊಳಗೆ ಒಂದು ಬುಟ್ಟಿ ಮಣ್ಣು ಹಾಕುವ ಹಕ್ಕನ್ನೂ ಕೊಡುವುದಿಲ್ಲ.

ಹಾಗಾದರೆ ಇಂಥ ಪ್ರಕರಣಗಳು ಏಕೆ ಸೋಲುತ್ತವೆ? ನಾನು ನೋಡಿದ ಮಟ್ಟಿಗೆ ಬಹುಪಾಲು ಸೋಲುವುದು ನಕ್ಷೆಯ ಮೇಲೆ. ಮಣ್ಣು ಬಿದ್ದಿರುವುದು ಕೆರೆಯಂಗಳದಲ್ಲಿ ಎಂದು ನೀವು ಹೇಳುತ್ತೀರಿ, ನಮ್ಮ ಜಮೀನಿನಲ್ಲಿ ಎಂದು ಅವರು ಹೇಳುತ್ತಾರೆ. ನಡುವಿನ ಗೆರೆ ಎಲ್ಲಿದೆ ಎಂಬುದನ್ನು ನ್ಯಾಯಾಧೀಶರು ತಮ್ಮ ಪೀಠದಲ್ಲಿ ಕುಳಿತು ಹೇಳಲಾರರು. ಆದ್ದರಿಂದ ಈ ವಾರವೇ ಗ್ರಾಮ ನಕ್ಷೆ, ಕೆರೆಯ ಮತ್ತು ಪಕ್ಕದ ಸರ್ವೆ ನಂಬರುಗಳ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯಗಳ ದಾಖಲೆ), ಪಹಣಿಗಳ ದೃಢೀಕೃತ ನಕಲುಗಳಿಗೆ ಅರ್ಜಿ ಹಾಕಿ. ಖಾಸಗಿ ಜಮೀನಿನ ಮೂಲಕ ಹಾದುಹೋಗುವ ಕಾಲುವೆ ಸಾಮಾನ್ಯವಾಗಿ ‘ಬಿ’ ಖರಾಬು ಎಂದು ದಾಖಲಾಗಿರುತ್ತದೆ; ಹಾಗಿದ್ದರೆ ಅದು ಸಾರ್ವಜನಿಕ ಸ್ವತ್ತು, ಜಮೀನು ಕೊಂಡವರಿಗೆ ಅದರ ಮೇಲೆ ಹಕ್ಕಿಲ್ಲ. ಕೆರೆ ಮತ್ತು ಕಾಲುವೆಯನ್ನು ಸರ್ವೆ ಮಾಡಿಸಿ ಹದ್ದುಬಸ್ತು ಗುರುತಿಸುವಂತೆ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಮಣ್ಣು ಬೀಳುವ ಮೊದಲಿನ ಮತ್ತು ಈಗಿನ ಉಪಗ್ರಹ ಚಿತ್ರಗಳನ್ನು, ದಿನಾಂಕ ಕಾಣುವ ಫೋಟೊಗಳನ್ನು ಜೋಡಿಸಿಟ್ಟುಕೊಳ್ಳಿ. ಕೊಳಚೆಗೆ ಸಂಬಂಧಿಸಿದಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಟ್ಟು, ನೀರಿನ ಮಾದರಿ ತೆಗೆದು ಪರೀಕ್ಷಿಸುವಂತೆ ಕೇಳಿ. ನೀವೇ ಸೀಸೆಯಲ್ಲಿ ತುಂಬಿಸಿ ತಂದ ನೀರಿನ ವರದಿಗಿಂತ ಮಂಡಳಿಯ ಅಧಿಕಾರಿಗಳು ಕ್ರಮಪ್ರಕಾರ ತೆಗೆದ ಮಾದರಿಗೆ ಹೆಚ್ಚು ಬೆಲೆಯಿದೆ. ಬಾಯಿಮಾತಿನ ದೂರುಗಳಿಗೆ ನ್ಯಾಯಾಲಯದಲ್ಲಿ ಲೆಕ್ಕವಿಲ್ಲ. ಅಧಿಕಾರಿ ಕರ್ತವ್ಯ ಮಾಡಲಿಲ್ಲ ಎಂದು ಹೈಕೋರ್ಟಿಗೆ ಹೇಳಬೇಕಾದರೆ, ಮಾಡಿ ಎಂದು ನೀವು ಕೇಳಿದ್ದಕ್ಕೆ ಸ್ವೀಕೃತಿ ಇರಬೇಕು, ಕಚೇರಿಯಿಂದ ಹಿಂಬರಹ (ಲಿಖಿತ ಉತ್ತರ) ಕೊಟ್ಟಿದ್ದರೆ ಅದೂ ಇರಬೇಕು.

ಈಗ ದಾರಿಗಳ ವಿಚಾರ. ಹೆಚ್ಚು ಜನರಿಗೆ ತಿಳಿಯದಿರುವ, ಖರ್ಚು ಕಡಿಮೆಯಿರುವ ದಾರಿಯಿಂದ ಆರಂಭಿಸುತ್ತೇನೆ. ಸಾರ್ವಜನಿಕ ಸ್ಥಳ, ದಾರಿ, ನದಿ ಅಥವಾ ಕಾಲುವೆಯಲ್ಲಿನ ಅಡ್ಡಿ ಅಥವಾ ಉಪದ್ರವವನ್ನು ತೆಗೆಸುವ ಅಧಿಕಾರ ಉಪವಿಭಾಗಾಧಿಕಾರಿಗೆ ಮ್ಯಾಜಿಸ್ಟ್ರೇಟರಾಗಿ ಇದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ ಈ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಮಧ್ಯಪ್ರದೇಶದ ರತ್ಲಾಂ ಪುರಸಭೆಯ ವಿರುದ್ಧ ಅಲ್ಲಿನ ನಿವಾಸಿಗಳು ತೆರೆದ ಚರಂಡಿಯ ದುರ್ನಾತ ತಾಳಲಾರದೆ ಬಳಸಿದ್ದು ಇದೇ ಕಲಮನ್ನು. ಪುರಸಭೆ ತನ್ನಲ್ಲಿ ಹಣವಿಲ್ಲ ಎಂದಿತು. ಹಣವಿಲ್ಲವೆಂಬ ನೆವದಿಂದ ಪುರಸಭೆ ತನ್ನ ಶಾಸನಬದ್ಧ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಇಂದಿಗೂ ನಿಮ್ಮ ಪಟ್ಟಣದ ಕೊಳಚೆಗೆ ಅಕ್ಷರಶಃ ಅನ್ವಯಿಸುತ್ತದೆ. ಈ ಕಲಮಿನಡಿ ಕ್ರಮಬದ್ಧವಾಗಿ ಹೊರಡಿಸಿದ ಆದೇಶವನ್ನು ಸಿವಿಲ್ ನ್ಯಾಯಾಲಯದಲ್ಲಿ ಪ್ರಶ್ನಿಸಲು ಬರುವುದಿಲ್ಲ ಎಂಬುದು ಇದರ ಬಲ. ಎದುರಾಳಿ ಅಲ್ಲಿ ಸಾರ್ವಜನಿಕ ಹಕ್ಕೇ ಇಲ್ಲವೆಂದು ವಾದಿಸಿ, ಅದಕ್ಕೆ ನಂಬಲರ್ಹ ಸಾಕ್ಷ್ಯ ಒದಗಿಸಿದರೆ, ಆ ಹಕ್ಕು ಸಿವಿಲ್ ನ್ಯಾಯಾಲಯದಲ್ಲಿ ತೀರ್ಮಾನವಾಗುವವರೆಗೆ ಮ್ಯಾಜಿಸ್ಟ್ರೇಟರು ಕೈಬಿಡಬೇಕಾಗುತ್ತದೆ ಎಂಬುದು ಇದರ ಮಿತಿ. ಆದ್ದರಿಂದ ಕೊಳಚೆಗೆ ಇದನ್ನು ಧೈರ್ಯವಾಗಿ ಬಳಸಬಹುದು; ಮಣ್ಣಿನ ವಿಷಯದಲ್ಲಿ ಕಾಲುವೆ ‘ಬಿ’ ಖರಾಬು ಎಂಬ ದಾಖಲೆ ಕೈಯಲ್ಲಿದ್ದರೆ ಮಾತ್ರ.

ಕೆರೆಯಂಗಳದ ಒತ್ತುವರಿ ತೆರವಿಗೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 104ನೇ ಕಲಮಿದೆ. ಸರ್ಕಾರಿ ಜಾಗ ಒತ್ತುವರಿಯನ್ನು ಅಪರಾಧವೆಂದು ಪರಿಗಣಿಸುವ 192ಎ ಕಲಮಿದೆ. ಇವಲ್ಲದೆ 2011ರ ಭೂ ಕಬಳಿಕೆ ನಿಷೇಧ ಕಾಯ್ದೆಯಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವಿದ್ದು, ಇಡೀ ರಾಜ್ಯದ ಪ್ರಕರಣಗಳನ್ನು ಅದು ವಿಚಾರಣೆ ಮಾಡುತ್ತದೆ. ಈ ಅಧಿಕಾರಗಳಿದ್ದೂ ಬಳಸದ ಅಧಿಕಾರಿಗೆ ‘ನಿನ್ನ ಕೆಲಸ ಮಾಡು’ ಎಂದು ಆಜ್ಞಾಪಿಸುವುದು ಹೈಕೋರ್ಟಿನ ಕೆಲಸ. ಭೂ ಕಂದಾಯ ಕಾಯ್ದೆಯು ಹಸಿರು ನ್ಯಾಯಮಂಡಳಿಯ ವ್ಯಾಪ್ತಿಯ ಕಾನೂನುಗಳ ಪಟ್ಟಿಯಲ್ಲಿಲ್ಲ. ಆ ಪಟ್ಟಿಯಲ್ಲಿರುವುದು ಜಲ ಕಾಯ್ದೆ, ವಾಯು ಕಾಯ್ದೆ, ಪರಿಸರ ಸಂರಕ್ಷಣಾ ಕಾಯ್ದೆ, ಅರಣ್ಯ ಸಂರಕ್ಷಣಾ ಕಾಯ್ದೆ, ಜೀವವೈವಿಧ್ಯ ಕಾಯ್ದೆ ಮೊದಲಾದವು. ಹಾಗಾಗಿ ನೆಲದ ಪ್ರಶ್ನೆಗೆ ಹೈಕೋರ್ಟ್, ನೀರಿನ ಪ್ರಶ್ನೆಗೆ ಚೆನ್ನೈನಲ್ಲಿರುವ ನ್ಯಾಯಮಂಡಳಿಯ ದಕ್ಷಿಣ ಪೀಠ ಎಂದು ವಿಂಗಡಿಸಿಕೊಳ್ಳುವುದು ಸಾಮಾನ್ಯವಾಗಿ ನಾನು ಕೊಡುವ ಸಲಹೆ. ಮಣ್ಣು ತುಂಬಿಸುವುದರಿಂದ ಜಲಮೂಲವೇ ನಾಶವಾಗುತ್ತದೆ ಎಂಬ ನೆಲೆಯಲ್ಲಿ ಅದನ್ನೂ ನ್ಯಾಯಮಂಡಳಿಯ ಮುಂದಿಡಬಹುದು. ಆರು ತಿಂಗಳ ಗಡುವನ್ನು ಮೊದಲೇ ಹೇಳಿದ್ದು ಅದಕ್ಕಾಗಿ. ನ್ಯಾಯಮಂಡಳಿ ಕಾಯ್ದೆಯಿಂದ ಹೈಕೋರ್ಟಿನ ಅಧಿಕಾರ ಹೋಗಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೂ ಬರೀ ಮಾಲಿನ್ಯದ ಅರ್ಜಿಯನ್ನು ಅಲ್ಲಿಗೆ ಒಯ್ದರೆ ‘ನ್ಯಾಯಮಂಡಳಿಗೆ ಹೋಗಿ’ ಎಂದು ಕಳುಹಿಸುವ ಸಂಭವ ಹೆಚ್ಚು, ಅಷ್ಟರಲ್ಲಿ ನಿಮ್ಮ ಗಡುವು ಮೀರಿರುತ್ತದೆ. ಎರಡೂ ಕಡೆ ಹೋಗುವುದಾದರೆ ಒಂದರಲ್ಲಿ ಇನ್ನೊಂದರ ವಿಷಯವನ್ನು ಮುಚ್ಚಿಡದೆ ತಿಳಿಸಬೇಕು, ಒಂದೇ ಕೋರಿಕೆಯನ್ನು ಎರಡೂ ಕಡೆ ಇಡಬಾರದು.

ಖರ್ಚಿನ ಬಗ್ಗೆ ನೀವು ಹೆದರುವಷ್ಟು ಹೆದರಬೇಕಿಲ್ಲ. ಪರಿಹಾರ ಧನ ಕೇಳದ ಅರ್ಜಿಗೆ ನ್ಯಾಯಮಂಡಳಿಯಲ್ಲಿ ಶುಲ್ಕ 1,000 ರೂಪಾಯಿ, ಪರಿಹಾರ ಕೇಳಿದರೆ ಕೇಳಿದ ಮೊತ್ತದ ಶೇ 1. ವಕೀಲರಿಲ್ಲದೆ ನೀವೇ ವಾದಿಸಲೂ ಅವಕಾಶವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಮಿತಿಯೊಳಗಿನವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿಗೆ ಅರ್ಹರಾದ್ದರಿಂದ, ಕೊಳಚೆಯಿಂದ ನೇರವಾಗಿ ಬಾಧಿತರಾದ ಅಂಥವರು ಊರಿನಲ್ಲಿದ್ದರೆ ಅವರೂ ಅರ್ಜಿದಾರರಾಗಿ ಸೇರಬಹುದು. ನಿಜವಾದ ಖರ್ಚು ಇರುವುದು ವರ್ಷಗಟ್ಟಲೆ ಓಡಾಡುವುದರಲ್ಲಿ; ಒಬ್ಬರೇ ಹೋಗುವುದಕ್ಕಿಂತ ನಾಲ್ಕೈದು ಜನ ಸೇರಿ ಹೋದರೆ ಆ ಹೊರೆಯೂ ಹಂಚಿಹೋಗುತ್ತದೆ, ಒಬ್ಬರನ್ನು ಗುರಿಯಾಗಿಸಿ ಹೆದರಿಸುವುದೂ ಕಷ್ಟವಾಗುತ್ತದೆ. ಬಡಾವಣೆಯವರು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ನಿಮ್ಮ ವಿರುದ್ಧ ಏಕಪಕ್ಷೀಯ ತಡೆಯಾಜ್ಞೆ ತರುವ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕೆ ಮುಂಚಿತವಾಗಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮನವಿ, ಸಲ್ಲಿಸಿ; ಅದು 90 ದಿನ ಊರ್ಜಿತವಾಗಿರುತ್ತದೆ, ಮುಗಿದ ಮೇಲೆ ಮತ್ತೆ ಸಲ್ಲಿಸಬೇಕು.

ದಂಡ ನಿಮಗೇ ಬೀಳುತ್ತದೆ ಎಂಬ ಹಿರಿಯರ ಮಾತಿಗೆ ಆಧಾರವಿಲ್ಲದಿಲ್ಲ. ಶುದ್ಧ ನೀರಿನ ಹಕ್ಕನ್ನು ಸಾರಿದ ಸುಭಾಷ್ ಕುಮಾರ್ ಪ್ರಕರಣದಲ್ಲಿ ಅರ್ಜಿದಾರ ಗೆಲ್ಲಲಿಲ್ಲ. ಕಾರ್ಖಾನೆಯ ಕೆಸರನ್ನು ಕೊಳ್ಳುವ ತನ್ನ ವ್ಯವಹಾರಕ್ಕಾಗಿ ಸಾರ್ವಜನಿಕ ಹಿತಾಸಕ್ತಿಯ ಹೆಸರು ಬಳಸಿದ್ದಾನೆಂದು ಕಂಡುಕೊಂಡ ನ್ಯಾಯಾಲಯ ಅವನ ಅರ್ಜಿಯನ್ನು ವಜಾ ಮಾಡಿತು. 2010ರಲ್ಲಿ ಬಲವಂತ್ ಸಿಂಗ್ ಚೌಫಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದುರುದ್ದೇಶದ ಪಿಐಎಲ್‌ಗಳಿಗೆ ದಂಡ ವಿಧಿಸುವಂತೆಯೂ ನಿಯಮಗಳನ್ನು ರೂಪಿಸುವಂತೆಯೂ ಹೈಕೋರ್ಟುಗಳಿಗೆ ಹೇಳಿತು. ಹೀಗಿರುವಾಗ ಅಚ್ಚುಕಟ್ಟಿನ ಎರಡು ಎಕರೆಯನ್ನು ಮುಚ್ಚಿಟ್ಟು ಪಿಐಎಲ್ ಹಾಕಿದರೆ ಅದೇ ನಿಮ್ಮ ಪ್ರಕರಣವನ್ನು ಕೆಡಿಸುತ್ತದೆ. ಮೊದಲ ಪುಟದಲ್ಲೇ ಹೇಳಿಕೊಂಡರೆ ಅಪಾಯವಿಲ್ಲ. ಅದಕ್ಕಿಂತ ಉತ್ತಮವೆಂದರೆ, ಆ ಕೆರೆಯ ನೀರಿಗೆ ಹಕ್ಕುಳ್ಳ ಅಚ್ಚುಕಟ್ಟುದಾರನಾಗಿಯೇ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಅಧಿಕಾರಿಗಳಿಗೆ ಆಜ್ಞೆ ಕೊಡಿ ಎಂದು ಕೇಳುವ ಅರ್ಜಿ) ಸಲ್ಲಿಸುವುದು. ನ್ಯಾಯಮಂಡಳಿಯಲ್ಲಂತೂ ಬಾಧಿತನಾದ ಯಾವುದೇ ವ್ಯಕ್ತಿ ಅರ್ಜಿ ಹಾಕಬಹುದಾದ್ದರಿಂದ ನಿಮ್ಮ ಜಮೀನು ಅಲ್ಲಿ ನಿಮಗೆ ಆಸರೆಯೇ ಆಗುತ್ತದೆ.

ಕೇಳಬೇಕಾದ್ದಕ್ಕಿಂತ ಹೆಚ್ಚು ಕೇಳುವುದೂ ಒಂದು ಅಪಾಯ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ಇರಬೇಕೆಂದು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಆದೇಶಿಸಿದಾಗ ಪರಿಸರಾಸಕ್ತರೆಲ್ಲ ಸಂಭ್ರಮಿಸಿದರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ರದ್ದುಪಡಿಸಿತು, ಏಕೆಂದರೆ ಶಾಸನಬದ್ಧವಾದ ಮಹಾಯೋಜನೆಯಲ್ಲಿ 30 ಮೀಟರ್ ಎಂದಿದ್ದಾಗ ಅದನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇರಲಿಲ್ಲ. ನ್ಯಾಯಾಲಯಗಳು ತಾವೇ ಹೇಳಿದ್ದನ್ನು ಹಿಂತೆಗೆದುಕೊಳ್ಳುವುದೂ ಉಂಟು: ಮುಂಚಿತವಾಗಿ ಪರಿಸರ ಅನುಮತಿ ಪಡೆಯದ ಯೋಜನೆಗಳಿಗೆ ಆಮೇಲೆ ಅನುಮತಿ ಕೊಡುವಂತಿಲ್ಲ ಎಂದು 2025ರ ಮೇ ತಿಂಗಳಲ್ಲಿ ನೀಡಿದ ತೀರ್ಪನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ನವೆಂಬರಿನಲ್ಲಿ ಬಹುಮತದಿಂದ ಹಿಂಪಡೆಯಿತು. ಆದ್ದರಿಂದ ಕಾನೂನಿನಲ್ಲಿ ಈಗ ಏನಿದೆಯೋ ಅದರ ಒಳಗೇ ನಿಮ್ಮ ಕೋರಿಕೆಗಳನ್ನು ಬರೆಯಿಸಿ. ವಿಚಾರಣೆ ಮುಗಿಯುವವರೆಗೆ ಯಥಾಸ್ಥಿತಿ, ಇಷ್ಟು ದಿನದೊಳಗೆ ಜಂಟಿ ಸರ್ವೆ, ಗುರುತಿಸಿದ ಒತ್ತುವರಿಯ ತೆರವು, ಸುರಿದ ಮಣ್ಣನ್ನು ಸುರಿದವರ ಖರ್ಚಿನಲ್ಲೇ ತೆಗೆಸುವುದು, ಕೊಳಚೆ ತಿರುಗಿಸಲು ದಿನಾಂಕ ನಮೂದಿಸಿದ ಯೋಜನೆ. ಇವು ಸಾಧಾರಣವಾಗಿ ಕಂಡರೂ ಮೇಲ್ಮನವಿಯಲ್ಲಿ ನಿಲ್ಲುವಂಥವು. ಬಡಾವಣೆಯವರನ್ನು ತಪ್ಪದೆ ಪ್ರತಿವಾದಿಯಾಗಿ ಸೇರಿಸಿ; ಎದುರು ಪಕ್ಷದ ಮಾತು ಕೇಳದೆ, ಸಮಿತಿಯ ವರದಿಯೊಂದನ್ನೇ ನಂಬಿ ಹೊರಡಿಸಿದ ನ್ಯಾಯಮಂಡಳಿಯ ಆದೇಶಗಳನ್ನು ಸುಪ್ರೀಂ ಕೋರ್ಟ್ ಈಚಿನ ವರ್ಷಗಳಲ್ಲಿ ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿದ ನಿದರ್ಶನಗಳಿವೆ.

ಬಡ ಕುಟುಂಬಗಳ ಬಗ್ಗೆ ನಿಮಗಿರುವ ಕಾಳಜಿ ಸರಿಯಾದದ್ದು, ಮತ್ತು ಅದನ್ನು ಅರ್ಜಿಯಲ್ಲೇ ಬರೆಯಬೇಕಾದದ್ದು. ‘ಎಲ್ಲ ಒತ್ತುವರಿ ತೆರವುಗೊಳಿಸಿ’ ಎಂಬ ಒಂದು ಸಾಲಿನ ಕೋರಿಕೆ ಬರೆದರೆ, ಜೆಸಿಬಿ ಮೊದಲು ಹೋಗುವುದು ತಡೆಯಾಜ್ಞೆ ತರಲು ಶಕ್ತಿಯಿಲ್ಲದವರ ಮನೆಗೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಗಪಾಲ್ ಸಿಂಗ್ ತೀರ್ಪಿನಲ್ಲೇ, ಸರ್ಕಾರಿ ಅಧಿಸೂಚನೆಯ ಮೂಲಕ ಭೂರಹಿತ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಾಗ ಕೊಟ್ಟಿದ್ದಂಥ ಅಪವಾದದ ಸಂದರ್ಭಗಳಲ್ಲಿ ಸಕ್ರಮಕ್ಕೆ ಅವಕಾಶ ಉಳಿಸಲಾಗಿದೆ. ಆ ಕುಟುಂಬಗಳ ಬಳಿ ಹಕ್ಕುಪತ್ರವಿದೆಯೇ ನೋಡಿ. ಇಲ್ಲದಿದ್ದರೆ, ಅವರಿಗೆ ನೋಟಿಸ್ ಕೊಟ್ಟು ಅಹವಾಲು ಕೇಳಬೇಕು, ಬೇರೆಡೆ ನಿವೇಶನ ಒದಗಿಸುವವರೆಗೆ ಅವರ ಮನೆಗಳನ್ನು ಮುಟ್ಟಬಾರದು ಎಂಬುದನ್ನು ನೀವೇ ಪ್ರತ್ಯೇಕ ಕೋರಿಕೆಯಾಗಿ ಸೇರಿಸಿ, ಮತ್ತು ಅರ್ಜಿ ಸಲ್ಲಿಸುವ ಮೊದಲೇ ಅವರೊಡನೆ ಕುಳಿತು ಮಾತನಾಡಿ. ಎದುರಾಳಿಗಳು ಅವರನ್ನು ನಿಮ್ಮ ವಿರುದ್ಧ ಎತ್ತಿಕಟ್ಟಲು ಪ್ರಯತ್ನಿಸಬಹುದು. ಮೊದಲೇ ಮಾತನಾಡಿದ್ದರೆ ಅದು ನಡೆಯದು.

ಕೊನೆಯದಾಗಿ, ಆದೇಶ ಕಾಗದದಲ್ಲೇ ಉಳಿಯುತ್ತದೆ ಎಂಬ ಮಾತು. ರಾಜಸ್ಥಾನದ ಬಿಚ್ಛಡಿ ಗ್ರಾಮದಲ್ಲಿ ರಾಸಾಯನಿಕ ಕಾರ್ಖಾನೆಗಳು ಅಂತರ್ಜಲವನ್ನು ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿತ್ತು. ಶುದ್ಧೀಕರಣದ ವೆಚ್ಚ 37.385 ಕೋಟಿ ರೂಪಾಯಿಯನ್ನು ಕಾರ್ಖಾನೆಯವರು ಒಂದರ ಮೇಲೊಂದು ಅರ್ಜಿ ಹಾಕಿ ಕಟ್ಟದೆ ಉಳಿದರು. 2011ರಲ್ಲಿ ಅದನ್ನು ಚಕ್ರಬಡ್ಡಿ ಸಮೇತ ಕಟ್ಟಬೇಕೆಂದು ನ್ಯಾಯಾಲಯ ಮತ್ತೆ ಆದೇಶಿಸಬೇಕಾಯಿತು. ಹದಿನೈದು ವರ್ಷಗಳ ವಿಳಂಬ ಅನ್ಯಾಯವೇ ಸರಿ. ಅಂಥ ವಿಳಂಬವನ್ನು ಕಡಿಮೆ ಮಾಡಲು ನಿಮ್ಮ ಕೈಯಲ್ಲಿರುವ ಉಪಾಯಗಳಿವೆ. ಅರ್ಜಿಯನ್ನು ವಿಲೇವಾರಿ ಮಾಡದೆ ಬಾಕಿ ಇರಿಸಿಕೊಂಡು, ಕಾಲಕಾಲಕ್ಕೆ ಪಾಲನಾ ವರದಿ ತರಿಸುವಂತೆ ಕೇಳಿಕೊಳ್ಳಿ. ಗೋದಾವರ್ಮನ್ ಅರಣ್ಯ ಪ್ರಕರಣವನ್ನು ಸುಪ್ರೀಂ ಕೋರ್ಟ್ 1995ರಿಂದ ಹೀಗೆಯೇ ಜೀವಂತವಾಗಿ ಇಟ್ಟುಕೊಂಡು ಬಂದಿದೆ, ಕುದುರೆಮುಖದ ಅರ್ಜಿ ತೀರ್ಮಾನವಾದದ್ದೂ ಅದರೊಳಗೇ. ಆದೇಶದ ದೃಢೀಕೃತ ಪ್ರತಿಯನ್ನು ಹುದ್ದೆಯ ಹೆಸರಿನಲ್ಲಿ ಪ್ರತಿಯೊಬ್ಬ ಅಧಿಕಾರಿಗೂ ತಲುಪಿಸಿ ಸ್ವೀಕೃತಿ ಪಡೆಯಿರಿ. ವರ್ಗಾವಣೆಯಾಗಿ ಹೊಸಬರು ಬಂದಾಗ ಮತ್ತೊಮ್ಮೆ ತಲುಪಿಸಿ. ನ್ಯಾಯಮಂಡಳಿಯ ಆದೇಶ ಪಾಲಿಸದಿದ್ದರೆ ಅದರ ಕಾಯ್ದೆಯ 26ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 10 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಹೈಕೋರ್ಟಿನ ಆದೇಶವಾದರೆ ನ್ಯಾಯಾಂಗ ನಿಂದನೆಯ ಅರ್ಜಿಗೆ ಒಂದು ವರ್ಷದ ಕಾಲಮಿತಿ ಇದೆ. ಆದೇಶದಲ್ಲಿ ಹೇಳಿದ ಗಡುವು ಮುಗಿದ ದಿನವನ್ನು ಗುರುತಿಟ್ಟುಕೊಂಡು, ಅಲ್ಲಿಂದ ಒಂದೆರಡು ತಿಂಗಳೊಳಗೇ ಆ ಅರ್ಜಿಯನ್ನು ಹಾಕಿಸಿ, ವರ್ಷದ ಕೊನೆಯವರೆಗೆ ಕಾಯಬೇಡಿ.